ಬಾಫಾತಿಗೆ ಬಿಳಿ ವೈನ್

"ಆ ಬಾಟಲಿಗಳನ್ನು ಹೊರಗೆ ತೆಗೀರಿ ಮಾರಾಯ್ರೆ, ನನ್ನ ಪುಡ್ಡಿಂಗಿಗೆ ಜಾಗ ಇಲ್ಲ," ಎಂದು ಎಸ್ತರ್ ಫ್ರಿಜ್ಜಿನ ಬಾಗಿಲು ತೆರೆದುಕೊಂಡೇ ನಿಂತಿದ್ದಳು.

"ಇನ್ನು ಇಪ್ಪತ್ತು ನಿಮಿಷ ಇರಲಿ," ಎಂದ ರೊನಾಲ್ಡ್. ಅವನು ಊಟದ ಮೇಜಿನ ಬಳಿ ಗ್ಲಾಸುಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ಒರೆಸುತ್ತಿದ್ದ. "ಪುಡ್ಡಿಂಗ್ ಸಂಜೆವರೆಗೂ ಕಾಯ್ತದೆ."

"ಸೊಹಾರಿನವರು ನಿಮ್ಮ ವೈನ್ ಕುಡೀಲಿಕ್ಕೆ ಬರುದಲ್ಲ. ನಮ್ಮ ಮಗಳನ್ನು ನೋಡ್ಲಿಕ್ಕೆ ಬರುದು."

ನೋಡುವುದಕ್ಕೆ ಹೊಸದೇನೂ ಉಳಿದಿರಲಿಲ್ಲ. ಜೆನಿಟಾ ಮತ್ತು ಕ್ಲೇಟನ್ ಒಬ್ಬರನ್ನೊಬ್ಬರು ಮೆಚ್ಚಿಕೊಂಡು ಎರಡು ವರ್ಷವಾಗಿತ್ತು. ರುಸೈಲ್‌ನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹುಡುಗ ರಜೆಯ ದಿನವಾದ ಪ್ರತಿ ಶುಕ್ರವಾರ ಇಗರ್ಜಿಯಲ್ಲಿ ಇವರ ಹಿಂದಿನ ಬೆಂಚಿನಲ್ಲೇ ಕೂರುತ್ತಿದ್ದ. ಇವತ್ತು ಮೊದಲ ಬಾರಿಗೆ ಅವನ ತಂದೆತಾಯಿ ಮಸ್ಕತ್‌ನ ಅಲ್ ಗುಬ್ರಾದ ಈ ಫ್ಲ್ಯಾಟಿಗೆ ಊಟಕ್ಕೆ ಬರುವವರಿದ್ದರು. ತಂದೆ ವಲೇರಿಯನ್ ಮೊಂತೇರೊ ಸೊಹಾರ್‌ನಲ್ಲಿ ಸೀನಿಯರ್ ಇಂಜಿನಿಯರ್. ತಾಯಿ ತೆರೇಸಾ ಫೋನಿನಲ್ಲಿ ಹಿತವಾಗಿ ಮಾತಾಡುವ ಹೆಂಗಸು. ಆ ಹಿತವಾದ ಮಾತಿನ ನಡುವೆಯೇ, ಹದಿನೈದು ದಿನಗಳ ಹಿಂದೆ, "ಜೆನಿಟಾನ ಪಪ್ಪನಿಗೆ ಎಲ್ಲಿ ಕೆಲಸ?" ಎಂದು ಆಕೆ ಕೇಳಿದ್ದರು. ಎಸ್ತರಳ ಬಾಯಿಂದ "ದೊಡ್ಡ ಹೋಟೆಲಲ್ಲಿ ಮ್ಯಾನೇಜರ್" ಎಂಬ ಮಾತು ಜಾರಿಬಿಟ್ಟಿತ್ತು.

ರೊನಾಲ್ಡ್ ಮ್ಯಾನೇಜರ್ ಆಗಿರಲಿಲ್ಲ. ಇಪ್ಪತ್ತಾರು ವರ್ಷಗಳಿಂದ ಮಸ್ಕತ್‌ನ ಕಡಲ ದಂಡೆಯ ಹೋಟೆಲೊಂದರಲ್ಲಿ ಅವನು ವೈನ್ ಬಡಿಸುವವನು. ಎಸ್ತರ್ ಹೇಳಿದ ಸುಳ್ಳಿಗೆ ಅವನು ಸಿಟ್ಟಾಗಲಿಲ್ಲ. ಆದರೆ ಅದು ಗಂಟಲಿಗೆ ಸಿಕ್ಕಿದ ಮೀನಿನ ಮುಳ್ಳಿನಂತೆ ಉಗುಳು ನುಂಗಿದಾಗಲೆಲ್ಲ ಚುಚ್ಚುತ್ತಿತ್ತು.

ಹಾಗಿದ್ದೂ ಅವನು ಮದ್ಯ ಕೊಳ್ಳುವ ತನ್ನ ಪರ್ಮಿಟ್ಟಿನ ಮೇಲೆ ಮೂರು ಬಾಟಲಿ ತಂದಿದ್ದ. ಮೂರೂ ಫ್ರಾನ್ಸಿನ ಲ್ವಾರ್ ನದಿಯ ದಂಡೆಯ ಒಂದೇ ಕುಟುಂಬದ ತೋಟದವು. ಆ ಮನೆಯ ಯಜಮಾನಿ ಹಿಂದಿನ ವರ್ಷ ಹೋಟೆಲಿಗೆ ಬಂದು, ಯಾವ ವೈನಿಗೆ ಯಾವ ಊಟ ಎಂದು ಎರಡು ದಿನ ಪಾಠ ಹೇಳಿದ್ದಳು. ಆಕೆ ಆಡಿನ ಹಾಲಿನ ಚೀಸು, ಬೆಣ್ಣೆಯಲ್ಲಿ ಬೇಯಿಸಿದ ನದಿಮೀನು ಅನ್ನುತ್ತಿದ್ದಾಗ ರೊನಾಲ್ಡನ ನಾಲಿಗೆಯ ಮೇಲೆ ಅಂಜಲ್ ಮೀನು, ಹಂದಿ ಮಾಂಸದ ಖಾರದ ಬಾಫಾತು, ಇಡ್ಲಿಯಂಥ ಸನ್ನಣಗಳು ಸಾಲಾಗಿ ಬಂದು ಕುಳಿತಿದ್ದವು. ವೈನಿನ ರುಚಿಯನ್ನು ಅವನು ನೋಡಿದ್ದೆಲ್ಲ ಪ್ಯಾಂಟ್ರಿಯಲ್ಲಿ ನಿಂತುಕೊಂಡು, ಗುಟುಕು ಲೆಕ್ಕದಲ್ಲಿ. ಒಂದು ಊಟವನ್ನು ಮೊದಲಿಂದ ಕೊನೆಯವರೆಗೆ ಅದಕ್ಕೆ ಒಪ್ಪುವ ವೈನಿನೊಂದಿಗೆ ಉಂಡವನಲ್ಲ.

"ಬಾಟಲಿ ಮೇಜಿನ ಮೇಲಿಟ್ಟು ಸುಮ್ಮನೆ ಕೂತುಕೊಳ್ಳಿ," ಎಂದಳು ಎಸ್ತರ್. "ನೀವು ಬಡಿಸ್ಲಿಕ್ಕೆ ಶುರು ಮಾಡಿದ್ರೆ ಕಣ್ಣಿದ್ದವರಿಗೆಲ್ಲ ಗೊತ್ತಾಗ್ತದೆ."

"ಆಯ್ತು. ಮುಟ್ಟುದಿಲ್ಲ."

ಒಂದೂವರೆಗೆ ಕ್ಲೇಟನ್ ತಂದೆತಾಯಿಯ ಜೊತೆ ಬಂದ. ವಲೇರಿಯನ್ ಎತ್ತರದ ಆಳು, ಮಾತೂ ದೊಡ್ಡದು. ಬಾಗಿಲಲ್ಲೇ ಮೂಗೆತ್ತಿ, "ಬಾಫಾತ್! ಎಸ್ತರ್ ಬಾಯ್, ಲಿಫ್ಟಿನವರೆಗೂ ಬರ್ತಾ ಉಂಟು ಪರಿಮಳ," ಎಂದರು. ಮಸಾಲೆ ಪುಡಿ ಊರಿನದು, ಮಾಂಸ ಸೂಪರ್ ಮಾರ್ಕೆಟ್ಟಿನಲ್ಲಿ ಹಂದಿ ಮಾರುವ ಒಳಕೋಣೆಯದು, ಸನ್ನಣಕ್ಕೆ ಮಾತ್ರ ಶೇಂದಿಯಿಲ್ಲದೆ ಯೀಸ್ಟ್ ಹಾಕಬೇಕಾಯಿತು ಎಂದು ಎಸ್ತರ್ ಹೇಳುತ್ತ ಹೋದಳು. ಅಷ್ಟರಲ್ಲಿ ವಲೇರಿಯನ್ ಮೇಜಿನ ಬಳಿ ಹೋಗಿ ಬಾಟಲಿಯ ಲೇಬಲ್ ಓದುತ್ತಿದ್ದರು.

"ಫ್ರೆಂಚ್! ಒಳ್ಳೆದು ಒಳ್ಳೆದು. ಆದರೆ ರೊನಾಲ್ಡ್ ಬಾಬ್, ಹಂದಿ ಮಾಂಸಕ್ಕೆ ಕೆಂಪೇ ಆಗ್ಬೇಕು. ಬಿಳಿ ನಡೆಯುದಿಲ್ಲ."

"ಇವರಿಗೆ ವೈನ್ ವಿಷಯ ಭಾರಿ ಗೊತ್ತುಂಟು," ಎಂದರು ತೆರೇಸಾ, ಸ್ವಲ್ಪ ಹೆಮ್ಮೆಯಿಂದ, ಸ್ವಲ್ಪ ಸುಸ್ತಿನಿಂದ.

ರೊನಾಲ್ಡ್ ತುಟಿ ಕಚ್ಚಿಕೊಂಡ. ಮೇಜಿನಾಚೆಯಿಂದ ಎಸ್ತರ್ ಕಣ್ಣಲ್ಲೇ ಅವನನ್ನು ಕುರ್ಚಿಗೆ ಕಟ್ಟಿಹಾಕಿದ್ದಳು.

ಮೊದಲು ರವೆ ಹಚ್ಚಿ ಹುರಿದ ಅಂಜಲ್ ಬಂತು. ಕ್ಲೇಟನ್ ಬಾಟಲಿ ತೆರೆಯಲು ಹೋಗಿ ಬಿರಡೆಯನ್ನು ಅರ್ಧಕ್ಕೇ ಮುರಿದ. ಇನ್ನು ರೊನಾಲ್ಡನಿಗೆ ತಡೆಯಲಾಗಲಿಲ್ಲ. ಎದ್ದು ಬಾಟಲಿ ತೆಗೆದುಕೊಂಡ. ಉಳಿದರ್ಧ ಬಿರಡೆ ಚೂರೂ ಉದುರದೆ ಮೇಲೆ ಬಂತು. ಎಡಗೈ ತಾನಾಗಿ ಬೆನ್ನ ಹಿಂದೆ ಹೋಯಿತು. ಬಲಬದಿಯಿಂದ, ಒಂದು ಹನಿಯೂ ಬೀಳದಂತೆ, ಮೊದಲು ತೆರೇಸಾರಿಗೆ, ಆಮೇಲೆ ಉಳಿದವರಿಗೆ ಬಡಿಸಿದ. ಎಸ್ತರ್ ಹಣೆ ಒತ್ತಿಕೊಂಡಳು.

"ಇದು ಹುಳಿ ಸ್ವಲ್ಪ ಮುಂದು," ಎಂದ ರೊನಾಲ್ಡ್. "ನಿಂಬೆ ಸಿಪ್ಪೆಯ, ಆಗಷ್ಟೇ ಕೊಯ್ದ ಹುಲ್ಲಿನ ಪರಿಮಳ. ಮೀನಿಗೆ ನಿಂಬೆ ಹಿಂಡುವ ಬದಲು ಇದು."

ಜೆನಿಟಾ ಕುಡಿದು, "ಡ್ಯಾಡಿ, ಸೀರಿಯಸ್ಲಿ, ದಿಸ್ ಈಸ್ ಸೋ ಗುಡ್!" ಎಂದಳು. ತಟ್ಟೆಯ ಅಂಜಲ್ ನೋಡನೋಡುತ್ತ ಖಾಲಿಯಾಯಿತು.

ಬಾಫಾತು ಬಂದಾಗ ರೊನಾಲ್ಡ್ ಎರಡನೆಯ ಬಾಟಲಿ ಎತ್ತಿಕೊಂಡ. ಇದೂ ಬಿಳಿಯೇ, ಆದರೆ ಬಣ್ಣ ತುಸು ಹೊನ್ನಿನದು.

"ಖಾರದ ಜೊತೆ ಕೆಂಪು ಕುಡಿದ್ರೆ ಒಗರೂ ಖಾರವೂ ಸೇರಿ ಬಾಯಿ ಉರೀತದೆ. ಇದರಲ್ಲಿ ಸಣ್ಣ ಸಿಹಿ ಉಂಟು. ಸೇಬು, ಜೇನು. ಬಾಫಾತಿನ ಮೆಣಸನ್ನು ಸಮಾಧಾನ ಮಾಡ್ತದೆ. ಕೆಂಪು ಆಮೇಲೆ, ಮಟನ್ ರೋಸ್ಟಿಗೆ."

ವಲೇರಿಯನ್ ಹುಬ್ಬೇರಿಸಿದರು. ತೆರೇಸಾ ಗ್ಲಾಸನ್ನು ಮುಟ್ಟಲೋ ಬೇಡವೋ ಎಂದು ನೋಡುತ್ತಿದ್ದರು. ರೊನಾಲ್ಡ್ ಅವರ ಹಿಂದೆ ಬಂದು, ಉಳಿದವರಿಗೆ ಕೇಳದ ಹಾಗೆ ತುಸು ಬಾಗಿ, ಮೆಲ್ಲಗೆ ಹೇಳಿದ: "ಮೊದಲು ಮೂಸಿ ನೋಡಿ. ಮತ್ತೆ ಒಂದು ಸಣ್ಣ ಗುಟುಕು. ಹಿಡಿಸಿದ್ರೆ ತಲೆ ಆಡಿಸಿ. ಅಷ್ಟೇ, ಬೇರೆ ಎಂತ ಇಲ್ಲ."

ಹೆಂಡತಿಯ ಪಕ್ಕದಲ್ಲೇ ಕೂತು ಅದನ್ನು ಕೇಳಿಸಿಕೊಂಡ ವಲೇರಿಯನ್‌ರ ಕೈಯಲ್ಲಿದ್ದ ಸನ್ನಣ ತಟ್ಟೆಗೆ ಬಿತ್ತು.

"ನೀವು!" ಎಂದರು.

ಎಲ್ಲರೂ ಅವರನ್ನೇ ನೋಡಿದರು.

"ಆರು ವರ್ಷದ ಹಿಂದೆ, ಇಲ್ಲೇ ಕಡಲ ದಂಡೆಯ ಹೋಟೆಲಲ್ಲಿ ನಮ್ಮ ಕಂಪನಿಯ ಡಿನ್ನರ್. ನನ್ನ ಪ್ರಮೋಷನ್ ಆಗಿ ಎರಡೇ ವಾರ. ದೊಡ್ಡ ಬಾಸ್ ಪಕ್ಕದಲ್ಲಿ ಕೂರಿಸಿದ್ರು. ವೈನ್ ಬಂದಾಗ ಬಾಸ್, ಇವತ್ತು ವಲೇರಿಯನ್ ರುಚಿ ನೋಡಿ ಹೇಳ್ಲಿ ಅಂದುಬಿಟ್ಟ. ಇಪ್ಪತ್ತು ಜನ ನನ್ನನ್ನೇ ನೋಡ್ತಾ ಇದ್ದಾರೆ. ನನಗೆ ವೈನ್ ಅಂದ್ರೆ ಇಗರ್ಜಿಯಲ್ಲಿ ಪಾದ್ರಿ ಕುಡಿಯುದು, ಅಷ್ಟೇ ಗೊತ್ತು. ಆಗ ಹಿಂದಿನಿಂದ ಯಾರೋ ಕೊಂಕಣಿಯಲ್ಲಿ ಇದೇ ಮಾತು ಹೇಳಿದ್ರು. ಇದೇ ಸ್ವರ. ತಿರುಗಿ ನೋಡುವಷ್ಟರಲ್ಲಿ ಮುಂದಿನ ಮೇಜಿಗೆ ಹೋಗಿ ಆಗಿತ್ತು."

ರೊನಾಲ್ಡನಿಗೆ ನೆನಪಾಗಲಿಲ್ಲ. ಮೇಜಿನ ಮೇಲಿನ ಚೀಟಿಯಲ್ಲಿ ಲೋಬೊ, ಪಿಂಟೊ, ಮೊಂತೇರೊ ಎಂದು ಊರ ಕಡೆಯ ಹೆಸರು ಕಂಡಾಗಲೆಲ್ಲ ಅವನು ಹಾಗೆ ಎಷ್ಟೋ ಮಂದಿಗೆ ಪಿಸುಗುಟ್ಟಿದ್ದ. ಈಗ ಅವನ ಕಿವಿ ಬಿಸಿಯಾಯಿತು. ಎಸ್ತರ್ ತಲೆ ತಗ್ಗಿಸಿದ್ದಳು. ಅವನು ಬಾಟಲಿಯನ್ನು ಮೇಜಿನ ಮೇಲಿಟ್ಟ.

"ನಾನೇ ಇರಬೇಕು," ಎಂದ. "ನಾನು ಮ್ಯಾನೇಜರ್ ಅಲ್ಲ, ವಲೇರಿಯನ್ ಬಾಬ್. ವೈನ್ ಬಡಿಸುವವ. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ."

"ಹೇಳಿದ್ದು ನಾನು, ಇವರಲ್ಲ," ಎಂದಳು ಎಸ್ತರ್ ತಟ್ಟನೆ. "ಬಾಯಿಂದ ಬಂದುಬಿಟ್ಟಿತು."

ಕ್ಲೇಟನ್ ತಂದೆಯ ಮುಖ ನೋಡಿದ. ಜೆನಿಟಾ ಮೇಜಿನ ಕೆಳಗೆ ಅವನ ಕೈ ಹಿಡಿದಿದ್ದಳು.

ಮೊದಲು ಬಾಯಿ ತೆರೆದವರು ತೆರೇಸಾ. "ಅಂದ್ರೆ ಇವರಿಗೆ ವೈನ್ ವಿಷಯ ಎಂತದೂ ಗೊತ್ತಿರ್ಲಿಲ್ವಾ?" ಎಂದು ಗಂಡನ ಕಡೆ ತಿರುಗಿದರು. "ಆ ಡಿನ್ನರ್ ಮುಗಿಸಿ ಬಂದವರು ಆರು ವರ್ಷ ನನಗೆ ಪಾಠ ಹೇಳಿದ್ದೇ ಹೇಳಿದ್ದು! ಹಂದಿಗೆ ಕೆಂಪಂತೆ, ಮೀನಿಗೆ ಬಿಳಿಯಂತೆ!"

"ಮೀನಿಗೆ ಬಿಳಿ ಸರಿಯೇ," ಎಂದ ರೊನಾಲ್ಡ್ ಮೆತ್ತಗೆ.

ವಲೇರಿಯನ್ ನಗತೊಡಗಿದರು. ಭುಜ ಕುಣಿಯಿತು, ಕಣ್ಣಲ್ಲಿ ನೀರು ಬಂತು. ಎಸ್ತರಳಿಗೂ ನಗು ತಡೆಯಲಾಗಲಿಲ್ಲ. ತೆರೇಸಾ ಗ್ಲಾಸೆತ್ತಿ ಮೂಸಿದರು, ಗುಟುಕು ಕುಡಿದರು, ಬಾಫಾತಿನಲ್ಲಿ ಅದ್ದಿದ ಸನ್ನಣ ಬಾಯಿಗಿಟ್ಟರು, ಮತ್ತೊಂದು ಗುಟುಕು ಕುಡಿದು ತಲೆ ಆಡಿಸಿದರು.

"ಅವತ್ತು ಮರ್ಯಾದೆ ಉಳಿಸಿದವರ ಮನೆಗೆ ನನ್ನ ಮಗ ಅಳಿಯ," ಎಂದರು ವಲೇರಿಯನ್ ಕಣ್ಣೊರೆಸುತ್ತ. "ಇದಕ್ಕಿಂತ ದೊಡ್ಡ ಹುದ್ದೆ ನನಗೆ ಬೇಡ. ಖಲಾಸ್. ಮದುವೆಯ ತಾರೀಖು ಇವತ್ತೇ ನೋಡುವ. ಕೂತುಕೊಳ್ಳಿ ರೊನಾಲ್ಡ್ ಬಾಬ್. ಎಷ್ಟು ಹೊತ್ತು ನಿಲ್ಲುದು?"

ಅವರು ಎದ್ದು ಬಂದು ರೊನಾಲ್ಡನನ್ನು ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಎಸ್ತರ್ ಅವನ ತಟ್ಟೆಗೆ ಎರಡು ಸನ್ನಣ, ನಾಲ್ಕು ತುಂಡು ಬಾಫಾತು ಹಾಕಿದಳು. ವಲೇರಿಯನ್ ಹೊನ್ನಿನ ಬಣ್ಣದ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಮಜ್ಜಿಗೆ ಹೊಯ್ಯುವಂತೆ ಹೊಯ್ದರು. ವೈನು ಗ್ಲಾಸಿನ ಹೊಟ್ಟೆ ದಾಟಿತು, ಕುತ್ತಿಗೆ ದಾಟಿತು.

"ಅಂಕಲ್, ಅಷ್ಟು ಹಾಕ್ಬಾರ್ದು..." ಎಂದು ಜೆನಿಟಾ ಬಾಯಿ ತೆರೆದಳು. ರೊನಾಲ್ಡ್ ಅವಳತ್ತ ಸಣ್ಣಗೆ ಕೈಯೆತ್ತಿ ಸುಮ್ಮನಿರಿಸಿದ.

ವೈನು ಅಂಚಿಗೆ ಬಂದು, ಅಂಚಿಗಿಂತ ಒಂದು ಎಳೆ ಮೇಲೆ ಉಬ್ಬಿ ನಿಂತಿತು. ಎತ್ತಿದರೆ ಚೆಲ್ಲುವುದು ಖಂಡಿತ. ರೊನಾಲ್ಡ್ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡ. ಬೆನ್ನು ಬಾಗಿಸಿ, ಗದ್ದ ಮೇಜುಬಟ್ಟೆಗೆ ತಾಗುವಷ್ಟು ತಲೆ ತಗ್ಗಿಸಿ, ಗ್ಲಾಸಿನ ಅಂಚಿಗೇ ತುಟಿಯಿಟ್ಟು, ಸದ್ದು ಮಾಡಿಕೊಂಡೇ ಹೀರಿದ.