ಗಂಟಲಪ್ಪನವರ ಪದಪಟ್ಟಿ

"ಚಹಾಕ್ಕೆ ಸಕ್ಕರೆ ಕಡಿಮೆ" ಎಂದು ಮೇಜಿನ ಮೇಲಿನ ಟ್ಯಾಬ್ ಗಂಭೀರ ದನಿಯಲ್ಲಿ ಸಾರಿತು. ದನಿ ಗಂಟಲಪ್ಪನವರದೇ. ಅವರ ತುಟಿ ಮಾತ್ರ ಮುಚ್ಚಿತ್ತು. ಬೆರಳು ಟ್ಯಾಬಿನ ಮೇಲಿತ್ತು.

"ಸಕ್ಕರೆ ಸರಿಯಾಗೇ ಇದೆ. ನಿಮ್ಮ ನಾಲಿಗೆ ಕೆಟ್ಟಿದೆ" ಎಂದರು ಹೆಂಡತಿ, ಹೊಲಿಗೆ ಯಂತ್ರದ ಮುಂದಿನಿಂದ ಏಳದೆ.

ಗಂಟಲಪ್ಪನವರು ತಕ್ಕ ಉತ್ತರಕ್ಕಾಗಿ ಟ್ಯಾಬ್ ತಡಕುತ್ತಿದ್ದಾಗಲೇ ಮಗಳು ಕೋಣೆಯಿಂದ ಹೊರಬಂದಳು. ಕೈಯಲ್ಲಿ ಫೋನಿತ್ತು. ಮುಖ ಬಿಳಿಚಿಕೊಂಡಿತ್ತು.

"ಅಪ್ಪಾ, ಆ್ಯಪ್ ಸ್ಟೋರ್‌ನವರ ಪತ್ರ ಬಂದಿದೆ. ನಮ್ಮ ಆ್ಯಪನ್ನ ತೆಗೆದು ಹಾಕ್ತಾರಂತೆ."

ಮನೆಯವರು ಇಟ್ಟ ಹೆಸರು ಬೇರೆಯೇ ಇದ್ದರೂ ಸ್ಟೇಷನ್ನಿನಲ್ಲಿ ಎಲ್ಲರಿಗೂ ಅವರು ಗಂಟಲಪ್ಪ. ಮೂವತ್ತೊಂದು ವರ್ಷ ರೈಲುಗಳ ಬರುಹೋಗು ಸಾರಿದವರು. "ಪ್ರಯಾಣಿಕರ ಗಮನಕ್ಕೆ" ಎಂದು ಅವರು ಶುರುಮಾಡಿದರೆ ಅಳುವ ಮಕ್ಕಳು ಕೂಡ ಬಾಯಿ ಮುಚ್ಚುತ್ತಿದ್ದವು ಎಂಬುದು ಅವರದೇ ಬಡಾಯಿ, ಆದರೆ ಪೂರ್ತಿ ಸುಳ್ಳೇನಲ್ಲ. ನಿವೃತ್ತರಾದ ವರ್ಷವೇ ಆ ಗಂಟಲಲ್ಲಿ ಗಡ್ಡೆ ಬೆಳೆಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಈಗ ಅವರು ಉಸಿರಾಡುವುದು ಕತ್ತಿನ ಬುಡದಲ್ಲಿರುವ, ಅಂಗಿಯ ಗುಂಡಿಯಷ್ಟಗಲದ ತೂತಿನಿಂದ. ಅದರ ಮೇಲೆ ಹೆಂಡತಿ ಹೊಲಿದ ತೆಳು ಬಟ್ಟೆಯೊಂದು ಸದಾ ಇಳಿಬಿದ್ದಿರುತ್ತದೆ.

ಆಪರೇಷನ್ನಿಗೆ ಇನ್ನು ಎಂಟು ದಿನ ಎನ್ನುವಾಗ ಮಗಳು ಅವರನ್ನು ಬಟ್ಟೆಯ ಬೀರುವಿನೊಳಗೆ ಕೂರಿಸಿದ್ದಳು. ಹೊರಗಿನ ಸದ್ದು ಬರಬಾರದೆಂದು ಸುತ್ತ ಕಂಬಳಿ. ಅವಳು ಪಟ್ಟಿಯಿಂದ ಒಂದೊಂದೇ ಪದ ಓದುವುದು, ಇವರು ಹೇಳುವುದು. ನಾಲ್ಕು ಸಾವಿರ ಪದ. ಪಟ್ಟಿಯಲ್ಲಿ 'ಭಯ' ಬಂದಾಗ ಗಂಟಲಪ್ಪನವರು ನಕ್ಕುಬಿಟ್ಟಿದ್ದರು.

"ಮುಂದೆ ಹೋಗು."

"ಹೇಳಪ್ಪ, ಬೇಕಾಗುತ್ತೆ."

"ಯಾರಿಗೆ? ನಾನು ಹುಟ್ಟಿದಾಗಿಂದ ಆ ಮಾತು ಆಡಿದವನಲ್ಲ. ಹೆದರಿಕೆ, ಗಾಬರಿ, ಅವೆಲ್ಲ ಬಿಟ್ಟು ಮುಂದಕ್ಕೆ ಹೋಗು."

"ಸೊಕ್ಕು ನೋಡು" ಎಂದಿದ್ದರು ಹೆಂಡತಿ, ಬೀರುವಿನ ಹೊರಗಿನಿಂದ. ಆ ಮಾತೂ ದಾಖಲಾಗಿ, ಆಮೇಲೆ ಅದನ್ನು ಕತ್ತರಿಸಬೇಕಾಯಿತು.

ಆ ಪದಗಳನ್ನೆಲ್ಲ ಸೇರಿಸಿ ಮಗಳು ಆ್ಯಪ್ ಕಟ್ಟಿದಳು. ಪದ ಒತ್ತಿದರೆ ಅಪ್ಪನ ದನಿ. ದಾಖಲಾಗದ ಪದ ಬರೆದರೆ ಅದು ಸುಮ್ಮನೆ ಹಾರಿಸಿ ಮುಂದೆ ಹೋಗುತ್ತಿತ್ತು. ಆಸ್ಪತ್ರೆಯಲ್ಲಿ ಕಂಡವರು ಕೇಳಿದರು, ಅವರ ನೆಂಟರು ಕೇಳಿದರು. ಈಗ ಇನ್ನೂರು ಜನ ತಮ್ಮ ತಮ್ಮ ದನಿ ತುಂಬಿಸಿಕೊಂಡು ಅದರಲ್ಲಿ ಮಾತಾಡುತ್ತಿದ್ದರು. ಅವರು ಕೊಡುವ ಚಂದಾದಲ್ಲಿ ನೂರಕ್ಕೆ ಮೂವತ್ತು ಸ್ಟೋರಿನ ಪಾಲು. ಟ್ಯಾಬಿನೊಳಗೆ ಹೋಗಲು ಇದ್ದದ್ದು ಅದೊಂದೇ ಬಾಗಿಲು, ಬೀಗದ ಕೈ ಟ್ಯಾಬ್ ಮಾಡಿದವರ ಹತ್ತಿರವೇ.

"ಏನು ತಪ್ಪು ಮಾಡಿದ್ಯೇ?" ಎಂದು ಕೇಳಿದರು ಹೆಂಡತಿ.

ಮಗಳು ಅಪ್ಪನ ಮುಖ ನೋಡಿದಳು. ತಪ್ಪು ಮಾಡಿದವರು ಗಂಟಲಪ್ಪನವರು. ಹೋದ ತಿಂಗಳು, ಚಂದಾ ಜಾಸ್ತಿಯಾಯಿತೆಂದು ಯಾರೋ ಗೋಳಾಡಿದ್ದು ಕೇಳಿ, ತಮ್ಮ ಪದಗಳನ್ನೇ ಒಂದೊಂದಾಗಿ ಪೋಣಿಸಿ ಒಂದು ಘೋಷಣೆ ಕಟ್ಟಿದ್ದರು: "ಪ್ರಯಾಣಿಕರ ಗಮನಕ್ಕೆ. ನೇರವಾಗಿ ನಮ್ಮ ಮನೆಗೆ ಬಂದು ಚಂದಾ ಕಟ್ಟಿದರೆ ಬೆಲೆ ಕಡಿಮೆ." ಆ್ಯಪ್ ತೆರೆದ ಕೂಡಲೇ ಇದು ಕೇಳಿಸಲಿ ಎಂದು ಹಟ ಹಿಡಿದಿದ್ದರು. ಮಗಳೂ ನಕ್ಕು ಸೇರಿಸಿದ್ದಳು. ಬೇರೆ ಕಡೆ ಕಡಿಮೆಗೆ ಸಿಗುತ್ತದೆ ಎಂದು ಆ್ಯಪಿನೊಳಗೆ ಹೇಳುವಂತಿಲ್ಲ ಎಂಬುದು ಸ್ಟೋರಿನ ನಿಯಮ. ಹದಿನಾಲ್ಕು ದಿನದೊಳಗೆ ಘೋಷಣೆ ತೆಗೆದು, ಇನ್ನು ಹೀಗೆ ಮಾಡುವುದಿಲ್ಲವೆಂದು ಒಪ್ಪಿಗೆ ಕೊಡದಿದ್ದರೆ ಆ್ಯಪೂ ಇಲ್ಲ, ಮಗಳ ಖಾತೆಯೂ ಇಲ್ಲ. ಪತ್ರದ ಕೆಳಗೆ ಒಂದು ಹೆಸರೂ ಇರಲಿಲ್ಲ, ಫೋನ್ ನಂಬರೂ ಇರಲಿಲ್ಲ.

"ಅವರ ಅಂಗಡಿ, ಅವರ ಕಾನೂನು. ಸಂತೆಯಲ್ಲಿ ಕೂತವರು ನೆಲಬಾಡಿಗೆ ಕೊಡಲ್ವಾ?" ಎಂದರು ಹೆಂಡತಿ.

"ಕೊಡ್ತೀನಮ್ಮ, ಬೇಡ ಅಂದ್ನಾ? ಆದರೆ ಇರೋದೇ ಒಂದು ಸಂತೆ. ಮನೇಲಿ ಮಾರಿದರೂ, ಮನೆ ಎಲ್ಲಿದೆ ಅಂತ ಸಂತೆಯೊಳಗೆ ಹೇಳಬಾರದು ಅಂದ್ರೆ? ಬಾಡಿಗೆ ಎಷ್ಟು ಅಂತ ಚೌಕಾಸಿನೂ ಮಾಡಬಾರದು ಅಂದ್ರೆ?"

"ಬೇರೆ ಕಂಪನಿ ಟ್ಯಾಬ್ ತಂದರಾಯ್ತು."

"ಅಲ್ಲೂ ಇಂಥದೇ ಬಾಗಿಲು. ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ."

ಗಂಟಲಪ್ಪನವರು ಒತ್ತಿದರು. "ನನ್ನ. ದನಿ. ಏನಾಗುತ್ತದೆ?"

ಮಗಳು ಅವರ ಪಕ್ಕ ಕೂತಳು. "ನಿನ್ನ ದನಿ ನನ್ನ ಹತ್ರ ಭದ್ರವಾಗಿದೆ ಅಪ್ಪ. ಅದು ಹೋಗಲ್ಲ. ಆದರೆ ಟ್ಯಾಬಿಗೆ ಅವರು ಆಗಾಗ ಹೊಸ ವ್ಯವಸ್ಥೆ ಹಾಕ್ತಾರೆ. ಅದಕ್ಕೆ ತಕ್ಕ ಹಾಗೆ ನಾನು ಆ್ಯಪನ್ನ ತಿದ್ದಬೇಕು. ತಿದ್ದೋಕೆ ಒಳಗೇ ಬಿಡದಿದ್ರೆ ಒಂದು ದಿನ ಅದು ತೆರೆಯೋದೇ ಇಲ್ಲ. ಎಷ್ಟು ಟ್ಯಾಬ್ ತಂದಿಟ್ಟುಕೊಂಡರೂ ಅಷ್ಟೇ."

"ಯಾವ ದಿನ?"

"ಅದು ನನಗೂ ಗೊತ್ತಿಲ್ಲ."

ಅಂದಿನಿಂದ ಗಂಟಲಪ್ಪನವರಿಗೆ ಭಯ ಹಿಡಿಯಿತು. ಅದನ್ನು ಬೇರೆ ಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ. ಆಪರೇಷನ್ ಕೋಣೆಗೆ ಕೈಬೀಸುತ್ತ ಹೋದ ಮನುಷ್ಯ ಈಗ ಟ್ಯಾಬಿನ ಪರದೆ ಒಂದು ಕ್ಷಣ ಮಬ್ಬಾದರೆ ಬೆವರುತ್ತಿದ್ದರು. ಅದನ್ನು ಬಟ್ಟೆಚೀಲದಲ್ಲಿ ಹಾಕಿ ಎದೆಗೆ ನೇತುಹಾಕಿಕೊಂಡರು. ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಇಟ್ಟು, ಬಾಗಿಲು ಅರ್ಧ ತೆರೆದೇ ಮೀಯುತ್ತಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಹಾಗೆ ಒತ್ತಿದಷ್ಟೂ ಸವೆಯುತ್ತದೇನೋ ಎಂದು ಮಾತನ್ನೇ ಕಡಿಮೆ ಮಾಡಿದರು. ಚಹಾ ಹೇಗಿದ್ದರೂ ಕುಡಿದರು.

"ಏನು ರೀ ಇದು ಮೌನವ್ರತ? ಮಾತು ಉಳಿಸಿಟ್ರೆ ಮರಿ ಹಾಕುತ್ತಾ?" ಎಂದು ಹೆಂಡತಿ ಒಂದು ಮಧ್ಯಾಹ್ನ ಕೆಣಕಿದರು. ಹೆಂಡತಿ ಹೊಲಿಗೆ ನಿಲ್ಲಿಸಿ ಕಿವಿಗೊಟ್ಟರು. ಕತ್ತಿನ ಬಟ್ಟೆಯ ಹಿಂದೆ ಉಸಿರು ಸುಯ್ ಸುಯ್ ಎಂದು ಓಡುತ್ತಿತ್ತು. "ನೀವು ಬಾಯಿ ಬಿಡದಿದ್ರೂ ನನಗೆ ಕೇಳಿಸುತ್ತೆ. ಇಷ್ಟು ಏದುಸಿರು ನಿಮಗೆ ಯಾವತ್ತೂ ಇರಲಿಲ್ಲ" ಎಂದರು, ಈ ಸಲ ಕೆಣಕದೆ.

ಇದರ ನಡುವೆ ಇನ್ನೊಂದು ಕಾಗದ ಬಂತು. ಆ್ಯಪ್ ಸ್ಟೋರುಗಳ ಶುಲ್ಕ, ನಿಯಮಗಳ ಬಗ್ಗೆ ಸರ್ಕಾರದ ಸಮಿತಿಯೊಂದು ಬಹಿರಂಗ ವಿಚಾರಣೆ ನಡೆಸುತ್ತಿತ್ತು. ಸಣ್ಣ ಆ್ಯಪ್ ಮಾಡುವವರ ಪರವಾಗಿ ಮಗಳು ಬಂದು ಮಾತಾಡಬೇಕಂತೆ. ವಿಚಾರಣೆ ಇದ್ದದ್ದು ಪತ್ರದ ಗಡುವಿಗೆ ಒಂದು ದಿನ ಮುಂಚೆ.

"ಒಪ್ಪಿಗೆ ಕಳಿಸೋ ಮೊದಲು ಹೋಗಿ ಎಲ್ಲ ಹೇಳ್ತೀನಿ" ಎಂದಳು ಮಗಳು. "ಮುಂದಿನ ವಾರ ಆಪರೇಷನ್ ಇರೋ ಮೇಷ್ಟ್ರು ದಿನಾ ಫೋನ್ ಮಾಡಿ, ಯಾವಾಗ ದನಿ ತುಂಬಿಸ್ಲಿ ಅಂತ ಕೇಳ್ತಿದ್ದಾರೆ. ಅವರಿಗೇನು ಹೇಳಲಿ?"

"ಬೇಡ" ಎಂದಿತು ಟ್ಯಾಬ್.

"ಅಪ್ಪಾ..."

"ಬೇಡ. ಬೇಡ. ಬೇಡ." ಗಂಟಲಪ್ಪನವರು ಒಂದೇ ಪದವನ್ನು ಒತ್ತುತ್ತಲೇ ಹೋದರು. ಸ್ಟೇಷನ್ನಿನ ದನಿಯಲ್ಲಿ ಅದು ಆಜ್ಞೆಯಂತೆ ಕೇಳಿಸಿತು. ಅಲ್ಲಿ ಮಾತಾಡಿದರೆ ಸ್ಟೋರಿನವರು ಸಿಟ್ಟಾಗಿ ಬಾಗಿಲು ಮುಚ್ಚಿಯಾರೆಂದು ಒಳಗೆ ಅವರು ಬೇಡಿಕೊಳ್ಳುತ್ತಿದ್ದರು. ಬೇಡಿಕೊಳ್ಳುವ ದನಿಯಲ್ಲಿ ಒಂದು ಪದವನ್ನೂ ಅವರು ದಾಖಲಿಸಿರಲಿಲ್ಲ.

ಮಗಳು ಅವರ ಕೈ ಹಿಡಿದು "ಆಯ್ತು. ಹೋಗೋದು ಹೋಗ್ತೀನಿ, ಬರ್ತೀನಿ ಅಂತ ಹೆಸರು ಕೊಟ್ಟಾಗಿದೆ. ಮಾತಾಡಲ್ಲ. ಅದು ಮುಗಿದ ಮೇಲೆ ಒಪ್ಪಿಗೆ ಕಳಿಸಿಬಿಡ್ತೀನಿ" ಎಂದಳು. ವಿಚಾರಣೆಯ ದಿನ ಅಪ್ಪನೂ ಹೊರಟರು. ಮಗಳ ಮೇಲೆ ನಂಬಿಕೆ ಇಲ್ಲದೆ ಅಲ್ಲ. ಮನೆಯಲ್ಲಿ ಒಬ್ಬರೇ ಕೂತಿರಲು ಅವರಿಗೆ ಧೈರ್ಯ ಸಾಲಲಿಲ್ಲ.

ಎತ್ತರದ ಕಿಟಕಿಗಳ ದೊಡ್ಡ ಸಭಾಂಗಣ. ಮುಂದೆ ಉದ್ದನೆಯ ಮೇಜಿನ ಹಿಂದೆ ಸಮಿತಿಯ ಐದು ಜನ, ನಡುವೆ ಕನ್ನಡಕದ ಅಧ್ಯಕ್ಷೆ. ಎಡಗಡೆ ಸ್ಟೋರಿನ ವಕೀಲರು. ಗಂಟಲಪ್ಪನವರು ರಾಕ್ಷಸನನ್ನು ಊಹಿಸಿಕೊಂಡಿದ್ದರು. ನೋಡಿದರೆ ಅವರದು ನೆಂಟರ ಹಾಗೆ ಸೌಮ್ಯ ಮುಖ. ಒಳಗೆ ಬರುವಾಗ ಇವರಿಗೆ ಬಾಗಿಲು ಹಿಡಿದುಕೊಂಡಿದ್ದವರೂ ಅವರೇ. ಅದರಿಂದ ಭಯ ಇನ್ನೂ ಹೆಚ್ಚಾಯಿತು.

"ಮನೆಗೆ ಬೀಗ ಯಾಕೆ ಹಾಕ್ತೀವಿ?" ಎಂದು ವಕೀಲರು ಮೃದುವಾಗಿ ಶುರುಮಾಡಿದರು. "ಕಳ್ಳರು ಬರಬಾರದು ಅಂತ. ಸಿಕ್ಕಸಿಕ್ಕ ಕಡೆಯಿಂದ ಸಿಕ್ಕಸಿಕ್ಕ ಆ್ಯಪ್ ಬಂದು ಕೂತರೆ ಜನರ ಹಣ, ಗುಟ್ಟು ಯಾವುದೂ ಉಳಿಯಲ್ಲ. ಪ್ರತಿಯೊಂದನ್ನೂ ನಾವು ಪರೀಕ್ಷೆ ಮಾಡಿ ಒಳಗೆ ಬಿಡ್ತೀವಿ. ಆ ಕಾವಲಿನ ಕೂಲಿ ನಮ್ಮ ಶುಲ್ಕ."

ಮಾತಿನಲ್ಲಿ ಸುಳ್ಳೇನಿಲ್ಲ ಎನಿಸಿತು ಗಂಟಲಪ್ಪನವರಿಗೆ. ಕಳ್ಳರು ಅವರಿಗೂ ಬೇಡ. ಆದರೆ ಕಾವಲಿನವನು ಮನೆಯ ಯಜಮಾನನನ್ನೇ ಹೊರಗಿಟ್ಟು ಬೀಗ ಹಾಕಿದರೆ ಯಾರ ಹತ್ತಿರ ದೂರುವುದು? ಈ ಪ್ರಶ್ನೆಯನ್ನು ಮಗಳು ಕೇಳಬೇಕಿತ್ತು. ಕೇಳದಂತೆ ಬಾಯಿ ಕಟ್ಟಿದವರು ತಾವೇ.

ಅಧ್ಯಕ್ಷೆ ಮಗಳನ್ನು ಕರೆದರು. ಮಗಳು ಎದ್ದು ಮೈಕಿನ ಮುಂದೆ ನಿಂತಳು. ಕೈಯಲ್ಲಿ ಮಡಚಿದ ಹಾಳೆಗಳಿದ್ದವು. ಮಾತಾಡುವುದಿಲ್ಲವೆಂದಿದ್ದವಳು ಬರೆದುಕೊಂಡು ಬಂದಿದ್ದಳು. ಅಪ್ಪನ ಕಡೆ ಒಮ್ಮೆ ತಿರುಗಿದಳು.

"ನನಗೆ... ಹೇಳೋದೇನಿಲ್ಲ ಮೇಡಂ" ಎಂದು ಬಂದು ಕೂತಳು. ಹಾಳೆಗಳು ಅವಳ ಮುಷ್ಟಿಯಲ್ಲಿ ಮುದುಡಿದವು.

"ಇದೇ ನೋಡಿ" ಎಂದು ವಕೀಲರು ಪ್ರಸನ್ನರಾಗಿ ನುಡಿದರು. "ಇವರ ತಂದೆಯವರಿಗೆ ಮಾತು ಸಿಕ್ಕಿರೋದೇ ನಮ್ಮ ಸ್ಟೋರಿನ ಮೂಲಕ. ದೂರು ಇದ್ದಿದ್ದರೆ ಹೇಳ್ತಿರಲಿಲ್ವೇ? ನಮ್ಮಲ್ಲಿ ಯಾರಿಗೂ ಹೆದರೋ ಕಾರಣ ಇಲ್ಲ."

ಗಂಟಲಪ್ಪನವರು ಎದ್ದರು. ಏಕೆ ಎದ್ದೆನೆಂದು ಅವರಿಗೂ ತಿಳಿಯಲಿಲ್ಲ. ಎದೆಯ ಚೀಲದಿಂದ ಟ್ಯಾಬ್ ತೆಗೆಯುತ್ತ ಮೈಕಿನ ತನಕ ನಡೆದರು.

"ತಾವೇನಾದರೂ ಹೇಳಬೇಕಾ?" ಎಂದರು ಅಧ್ಯಕ್ಷೆ. "ನಿಧಾನಕ್ಕೆ ಹೇಳಿ."

ಟ್ಯಾಬ್ ತೆರೆದುಕೊಂಡಿತು. ತೆರೆದ ಕೂಡಲೇ ತನ್ನ ಅಭ್ಯಾಸದಂತೆ ಸಾರಿತು: "ಪ್ರಯಾಣಿಕರ ಗಮನಕ್ಕೆ. ನೇರವಾಗಿ ನಮ್ಮ ಮನೆಗೆ ಬಂದು ಚಂದಾ ಕಟ್ಟಿದರೆ ಬೆಲೆ ಕಡಿಮೆ." ಸಭೆಯಲ್ಲಿ ಯಾರೋ ನಕ್ಕರು. ಗಂಟಲಪ್ಪನವರು 'ಭ'ದ ತನಕ ಪಟ್ಟಿ ಸರಿಸಿದರು. ಭಕ್ತಿ, ಭದ್ರ, ಭಾನುವಾರ, ಭಾರ. ಮತ್ತೆ ಮೇಲೆ ಹೋದರು. ಭದ್ರ, ಭಾನುವಾರ. 'ಹೆ'ಗೆ ಬಂದರು. ಹೆಂಡತಿ, ಹೆಚ್ಚು, ಹೆಜ್ಜೆ, ಹೆಸರು. ನಾಲ್ಕು ಸಾವಿರ ಪದಗಳಲ್ಲಿ ಈಗ ಬೇಕಾದದ್ದು ಒಂದೇ ಒಂದು. ಬಟ್ಟೆಯ ಬೀರುವಿನಲ್ಲಿ ಕೂತು ನಗುತ್ತ ಅದನ್ನು ಬಿಟ್ಟುಬಂದಿದ್ದರು.

ಸಭೆಯವರೆಲ್ಲ ಕಾಯುತ್ತಿದ್ದರು. ವಕೀಲರು ತಾಳ್ಮೆಯಿಂದ ಮುಗುಳ್ನಗುತ್ತಿದ್ದರು.

ಗಂಟಲಪ್ಪನವರು ಟ್ಯಾಬನ್ನು ಮೇಜಿನ ಮೇಲೆ ಮಗುಚಿ ಇಟ್ಟರು. ಕತ್ತಿನ ಬಟ್ಟೆಯನ್ನು ಒಂದು ಕೈಯಿಂದ ಮೇಲೆತ್ತಿದರು. ಮೂವತ್ತೊಂದು ವರ್ಷ ಮೈಕಿನ ಮುಂದೆ ಕೂತವರಿಗೆ ಅದನ್ನು ಎಷ್ಟು ಹತ್ತಿರ ಹಿಡಿಯಬೇಕೆಂದು ಗೊತ್ತಿತ್ತು. ಇನ್ನೊಂದು ಕೈಯಿಂದ ಮೈಕಿನ ಕತ್ತು ಬಗ್ಗಿಸಿ ತಮ್ಮ ತೂತಿನ ಮುಂದೆ ತಂದರು.

ಅವರ ಉಸಿರು ಸಭಾಂಗಣದ ನಾಲ್ಕು ಮೂಲೆಗಳಿಂದಲೂ ಕೇಳಿಸಿತು. ಸುಯ್ ಸುಯ್ ಎಂದು, ಅಟ್ಟಿಸಿಕೊಂಡು ಬಂದವರ ಉಸಿರಿನಂತೆ, ನಡುನಡುವೆ ಸಿಕ್ಕಿ, ಒದ್ದೆಯಾಗಿ, ಮತ್ತೆ ಓಡುತ್ತಾ. ಅಧ್ಯಕ್ಷೆ ಬರೆಯುತ್ತಿದ್ದ ಪೆನ್ನು ನಿಂತಿತು. ವಕೀಲರು ಮೊದಲ ಬಾರಿಗೆ ಕಣ್ಣು ತಗ್ಗಿಸಿದರು. ಗಂಟಲಪ್ಪನವರು ಮೈಕು ಬಿಡಲಿಲ್ಲ.

ಹಿಂದೆ ಕುರ್ಚಿ ಸರಿದ ಸದ್ದಾಯಿತು. ಮಗಳು ಬಂದು ಪಕ್ಕದಲ್ಲಿ ನಿಂತಳು. ಮುದುಡಿದ ಹಾಳೆಗಳನ್ನು ಮೇಜಿನ ಮೇಲಿಟ್ಟು, ಅಂಗೈಯಿಂದ ಒತ್ತಿ ಒತ್ತಿ ಸುಕ್ಕು ಬಿಡಿಸತೊಡಗಿದಳು.