ಸೆಪ್ಟೆಂಬರ್ ಮೂವತ್ತರ ಕೂಸು

ಶಹಾತಾನಿಗೆ ಬೇರೆಯವರ ಕಾಗದಪತ್ರ ಓದುವುದೆಂದರೆ ಪ್ರಾಣ. ಈಜಿಪ್ಟಿನ ದಮನ್‌ಹೂರಿನಲ್ಲಿ ಜನನ ಮರಣ ನೋಂದಣಿ ಕಚೇರಿಯ ಎದುರು, ಹರಿದ ಕೊಡೆಯ ಕೆಳಗೆ ಮೇಜು ಹಾಕಿಕೊಂಡು ಇಪ್ಪತ್ತಾರು ವರ್ಷದಿಂದ ಅರ್ಜಿ ಬರೆಯುತ್ತಿದ್ದಾನೆ. ಒಂದು ಸಾಲು ಬರೆಸಲು ಬಂದವರಿಗೆ ಹತ್ತು ಪ್ರಶ್ನೆ ಕೇಳುತ್ತಾನೆ, ಅದರಲ್ಲಿ ಎಂಟು ಅವನಿಗೆ ಸಂಬಂಧವೇ ಇಲ್ಲದ್ದು. ಕೆಲವರು ಬೈದು ಪಕ್ಕದ ಮೇಜಿಗೆ ಹೋಗುತ್ತಾರೆ. ಹೋಗಲಿ ಬಿಡಿ.

ಜುಲೈ ಕೊನೆಯ ಒಂದು ಬೆಳಿಗ್ಗೆ ನಗ್ಲಾ ಬಂದಳು, ಕಂಕುಳಲ್ಲಿ ಕೂಸು. ಫರ್ಗಲಿ ಮೇಷ್ಟ್ರ ಮಗಳು. ಗಂಡ ಅಮೆರಿಕದಲ್ಲಿ ಟ್ಯಾಕ್ಸಿ ಓಡಿಸುತ್ತಾನೆ, ಇಬ್ಬರಿಗೂ ಗ್ರೀನ್ ಕಾರ್ಡ್ ಇದೆ. ಇಷ್ಟು ಅವಳು ಕೂರುವ ಮೊದಲೇ ಶಹಾತಾನಿಗೆ ಗೊತ್ತಿತ್ತು.

“ಇವಳ ಜನನ ಪತ್ರ ಇಂಗ್ಲಿಷಿಗೆ ಮಾಡಿಸ್ಬೇಕಿತ್ತಣ್ಣ. ನಾಲ್ಕು ಪ್ರತಿ.”

“ಕೂಸಿಗೆ ವೀಸಾ ಆಯ್ತಾ?”

“ಬೇಡ್ವಂತೆ. ನಾನು ತಮ್ಮನ ಮದುವೆಗೆ ಅಂತ ಬಂದಾಗ ಇಲ್ಲಿ ಹುಟ್ಟಿದ್ದಲ್ವಾ? ಎರಡು ವರ್ಷ ತುಂಬೋದ್ರೊಳಗೆ, ನಾನು ಮೊದಲ್ನೇ ಸಲ ವಾಪಸ್ ಹೋಗುವಾಗ್ಲೇ ಕರ್ಕೊಂಡು ಹೋದ್ರೆ ಈ ಪತ್ರ ಸಾಕಂತೆ. ಬಿಟ್ಟು ಹೋದೆನೋ, ಆಮೇಲೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯ್ತಾ ಕೂರ್ಬೇಕು.”

“ಮತ್ತೆ ಇಷ್ಟು ದಿನ ಯಾಕೆ ಇಲ್ಲೇ ಕೂತೆ?”

“ಏಳು ತಿಂಗಳಿಗೇ ಹುಟ್ಟಿಬಿಡ್ತು. ಎರಡು ತಿಂಗಳು ಆಸ್ಪತ್ರೆಯ ಗಾಜಿನ ಪೆಟ್ಟಿಗೇಲಿ ಇತ್ತು. ಎದೆ ಗಟ್ಟಿಯಾಗೋವರೆಗೆ ವಿಮಾನ ಬೇಡ ಅಂದ್ರು ಡಾಕ್ಟ್ರು. ಈಗ ನಾನೂ ಕೂರೋ ಹಾಗಿಲ್ಲ. ವರ್ಷಕ್ಕಿಂತ ಹೆಚ್ಚು ಹೊರಗಿದ್ರೆ ನನ್ನ ಕಾರ್ಡಿಗೇ ಕುತ್ತು. ಅಕ್ಟೋಬರ್ ನಾಲ್ಕರೊಳಗೆ ಅಲ್ಲಿರ್ಬೇಕು.”

“ನಿನ್ನ ಪಾಸ್‌ಪೋರ್ಟ್ ಕೊಡಿಲ್ಲಿ.”

“ನನ್ನದ್ಯಾಕೆ?”

“ಸುಮ್ನೆ, ನೋಡೋಣ ಅಂತ.”

ನಿಜಕ್ಕೂ ಸುಮ್ಮನೆಯೇ. ಮುದ್ರೆ ಒತ್ತಿದ ಹಾಳೆ ಕಂಡರೆ ಅವನ ಕೈ ಕಡಿಯುತ್ತದೆ. ಅವಳು ಕೈರೋ ವಿಮಾನ ನಿಲ್ದಾಣದಲ್ಲಿ ಬಂದಿಳಿದ ಮುದ್ರೆ ಸಿಕ್ಕಿತು: ಕಳೆದ ವರ್ಷದ ಅಕ್ಟೋಬರ್ ನಾಲ್ಕು. ಪಕ್ಕದಲ್ಲಿ ಜನನ ಪತ್ರ ಇಟ್ಟ: ತಲಿಯಾ, ಹೆಣ್ಣು, ಅದೇ ವರ್ಷದ ಸೆಪ್ಟೆಂಬರ್ ಮೂವತ್ತು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದ. ನಗು ಬಂದುಬಿಟ್ಟಿತು.

“ಎಲಾ ಇವಳಾ! ಈ ದೇಶಕ್ಕೆ ಕಾಲಿಡೋ ನಾಲ್ಕು ದಿನ ಮೊದ್ಲೇ ಇಲ್ಲಿ ಹೆತ್ತಿದ್ದೀಯಲ್ಲೇ!”

ನಗ್ಲಾ ಪತ್ರ ಕಿತ್ತುಕೊಂಡಳು. “ಅಕ್ಟೋಬರ್ ಹನ್ನೊಂದಣ್ಣ! ನಾನು ಹೆತ್ತಿದ್ದು ನಂಗೊತ್ತಿಲ್ವಾ? ಪತ್ರ, ಇವಳ ಪಾಸ್‌ಪೋರ್ಟು ಎಲ್ಲಾ ಅಪ್ಪನೇ ಮಾಡಿಸಿದ್ರು. ನಾನು ಪೆಟ್ಟಿಗೆ ಮುಂದಿಂದ ಎದ್ದಿದ್ರೆ ತಾನೆ? ಅಯ್ಯೋ, ಈ ಕೂಸು ನಿನ್ನದೇ ಅಲ್ಲ ಅಂದುಬಿಡ್ತಾರೆ ವಿಮಾನದವ್ರು!”

ಅವಳು ಅಳತೊಡಗಿದಳು. ನಕ್ಕಿದ್ದಕ್ಕೆ ಶಹಾತಾನಿಗೆ ನಾಚಿಕೆಯಾಯಿತು. ಟೀ ತರಿಸಿದ, ಸಕ್ಕರೆ ಜಾಸ್ತಿ ಹಾಕಿಸಿ.

ಸೆಪ್ಟೆಂಬರ್ ಮೂವತ್ತರ ಗುಟ್ಟು ಅವನಿಗೆ ಚೆನ್ನಾಗಿ ಗೊತ್ತು. ಅಕ್ಟೋಬರ್ ಒಂದಕ್ಕೆ ಆರು ತುಂಬಿದ್ದರೆ ಶಾಲೆ, ಒಂದು ದಿನ ಕಡಿಮೆಯಾದರೂ ವರ್ಷ ಹಾಳು. ಹಾಗಾಗಿ ಅಕ್ಟೋಬರಿನಲ್ಲಿ ಹುಟ್ಟಿದ ಊರಿನ ಮಕ್ಕಳಲ್ಲಿ ಅರ್ಧದಷ್ಟು, ಕಾಗದದ ಮೇಲೆ ಆ ಒಂದೇ ದಿನ ಹುಟ್ಟಿದವರು. ಮಗುವಿನ ಒಂದು ವರ್ಷ ಉಳಿಸಲು ಕೆಲವು ದಿನ ಅತ್ತಿತ್ತ ಮಾಡುವುದನ್ನು ಇಲ್ಲಿ ಯಾರೂ ಸುಳ್ಳು ಅನ್ನುವುದಿಲ್ಲ. ಆದರೆ ಫರ್ಗಲಿ ಮೇಷ್ಟ್ರು? ಮೂವತ್ತು ವರ್ಷ ಹೆಡ್‌ಮಾಸ್ಟರಾಗಿ, ಕಾಪಿ ಹೊಡೆದವರ ಕಿವಿ ಹಿಂಡಿದ ಮನುಷ್ಯ. ಆ ಕಿವಿಗಳಲ್ಲಿ ಶಹಾತಾನದೂ ಒಂದು.

ಮಗಳು ಫೋನ್ ಮಾಡಿದ ಅರ್ಧ ಗಂಟೆಗೆ ಮೇಷ್ಟ್ರು ಬಂದರು, ಆ ಬಿಸಿಲಲ್ಲೂ ಕುತ್ತಿಗೆವರೆಗೆ ಗುಂಡಿ ಹಾಕಿಕೊಂಡು. ಶಹಾತಾ ಎದ್ದು ತನ್ನ ಕುರ್ಚಿ ಕೊಟ್ಟ.

“ದಾರಿ ಇದೆ ಮೇಷ್ಟ್ರೇ. ಆಸ್ಪತ್ರೆ ದಾಖಲೇಲಿ ನಿಜವಾದ ತಾರೀಕಿದೆ. ಅದರ ಜೊತೆ, ಸುಳ್ಳು ತಾರೀಕು ಕೊಟ್ಟಿದ್ದು ನಾನೇ ಅಂತ ನೀವು ಬರೆದುಕೊಟ್ರೆ ತಿಂಗಳೊಳಗೆ ತಿದ್ದುತ್ತಾರೆ, ಆಮೇಲೆ ಕೂಸಿನ ಪಾಸ್‌ಪೋರ್ಟೂ ಸರಿಹೋಗತ್ತೆ. ಆದ್ರೆ ಒಳಗೆ ಎಲ್ಲರ ಮುಂದೆ ಓದ್ತಾರೆ. ಗುಮಾಸ್ತರಲ್ಲಿ ಮೂರು ಜನ ನಿಮ್ಮ ಶಿಷ್ಯರು.”

“ಓದಲಿ. ಬರಿ,” ಅಂದರು ಮೇಷ್ಟ್ರು.

ಶಹಾತಾ ಬರೆದ. ಅಲ್ಲಿಗೆ ಮುಗಿಸಬಹುದಿತ್ತು. ಆದರೆ ನಾಲಿಗೆ ಕೇಳಬೇಕಲ್ಲ.

“ಮೇಷ್ಟ್ರೇ, ಒಂದೇ ಒಂದು ಮಾತು. ಕೂಸು ಅಮೆರಿಕಕ್ಕೆ ಹೋಗತ್ತೆ ಅಂತ ನಿಮಗೆ ಗೊತ್ತಿತ್ತು. ಅಲ್ಲಿ ಓದೋ ಮಗುಗೆ ನಮ್ಮ ಶಾಲೆ ತಾರೀಕು ಯಾಕೆ ಬೇಕಿತ್ತು?”

ತಲಿಯಾ ಮೇಷ್ಟ್ರ ಊರುಗೋಲಿನ ಹಿಡಿಯನ್ನು ಬಾಯಿಗೆ ಹಾಕಿಕೊಂಡು ಜೊಲ್ಲು ಸುರಿಸುತ್ತಿದ್ದಳು. ನಗ್ಲಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

“ಈ ಚಾಳಿ ನಿಂಗೆ ಆಗಿಂದ್ಲೂ ಇದೆ ಕಣೋ,” ಅಂದರು ಮೇಷ್ಟ್ರು. “ಪೆಟ್ಟಿಗೆ ಒಳಗೆ ಅಂಗೈಯಷ್ಟು ಇದ್ಳು. ಬದುಕಲಿ ಅಂತ ಬೇಡ್ಕೋತಿದ್ದೆ. ಬೇಡ್ಕೋತಾ ಬೇಡ್ಕೋತಾ, ಇವಳ ಕೈ ಹಿಡ್ಕೊಂಡು ನಮ್ಮ ಶಾಲೆ ಗೇಟು ದಾಟಿಸ್ದಂಗೆ ಕಣ್ಣಿಗೆ ಕಟ್ಟಿಬಿಡ್ತು. ಅಮೆರಿಕಕ್ಕೆ ಹೋಗೋದೇ ಇಲ್ಲ ಅನ್ನೋ ಹಾಗೆ ಆ ತಾರೀಕು ಬರೆಸಿಬಿಟ್ಟೆ.”

“ಅಪ್ಪಾ,” ಅಂದಳು ನಗ್ಲಾ.

ಶಹಾತಾ ಕಾಗದದ ಕಡೆ ತಲೆ ತಗ್ಗಿಸಿದ. “ಕಾರಣ ಅಂತ ಒಂದು ಸಾಲಿದೆ, ಮೇಷ್ಟ್ರೇ.”

“ಅಜ್ಜನ ಆಸೆ ಅಂತ ಬರಿ.”

“ಅದನ್ನ ಒಪ್ಪಲ್ಲ. ತಪ್ಪಾಯ್ತು ಅಂತ ಬರೀಬೇಕು.”

ಮೇಷ್ಟ್ರು ಮೊಮ್ಮಗಳ ಬಾಯಿಂದ ಕೋಲನ್ನು ಮೆಲ್ಲಗೆ ಬಿಡಿಸಿ ಪಕ್ಕಕ್ಕಿಟ್ಟರು.

“ಹಾಗೇ ಬರಿ,” ಅಂದು, ಪೆನ್ನಿಗೆ ಕೈ ಚಾಚಿದರು.