ಎಡೆಕುಂಟೆ ರಿಮೋಟ್

ನಾನು ಮಾಡಿದ ಡ್ರೋನ್ ರಿಮೋಟ್ ಹಿಡಿದು ಬಳ್ಳಿಗಾವಿಯ ಬಯಲಲ್ಲಿ ನಿಂತರೆ ಹದ್ದುಗಳು ಸಾಲಾಗಿ ಬಂದು, ಎಡಕ್ಕೆ ಹೋಗಲೋ ಬಲಕ್ಕೋ ಎಂದು ನನ್ನನ್ನೇ ಕೇಳುತ್ತಿದ್ದವು. ನಂಬದವರು ಹದ್ದುಗಳನ್ನೇ ವಿಚಾರಿಸಬಹುದು.

ಶಿಕಾರಿಪುರದಲ್ಲಿ ನನ್ನದು ಟಿ.ವಿ. ರಿಪೇರಿ ಅಂಗಡಿ. ತೊಗರ್ಸಿಯ ಮಹಿಳಾ ಸಂಘದ ಸರ್ವಮಂಗಳಮ್ಮ ಒಂದು ದಿನ ಬಂದು ರಿಮೋಟೊಂದನ್ನು ಮೇಜಿನ ಮೇಲಿಟ್ಟರು. ಸಂಘಕ್ಕೆ ಕೃಷಿ ಇಲಾಖೆಯಿಂದ ಬೆಳೆಗೆ ಔಷಧಿ ಹೊಡೆಯುವ ಡ್ರೋನ್ ಬಂದಿತ್ತು. ರಿಮೋಟಿಗೆ ಎರಡು ಕಡ್ಡಿ, ನಾನೂರು ಗುಂಡಿ. ಸೋಮವಾರದ ಪರೀಕ್ಷೆಯಲ್ಲಿ ಒಂದೆಕರೆ ಮೆಕ್ಕೆಜೋಳಕ್ಕೆ ಸಾಲು ತಪ್ಪದೆ ಹೊಡೆದು ತೋರಿಸದಿದ್ದರೆ ಡ್ರೋನ್ ಸೊರಬದ ಸಂಘದ ಪಾಲು.

"ಇದಕ್ಕೆ ಒಂದೊಂದು ಕೈಗೂ ಒಂದೊಂದು ತಲೆ ಬೇಕು ಕಣ್ರೀ. ನಂಗೆ ಎಡೆಕುಂಟೆ ಹಿಡಿಯೋದು ಗೊತ್ತು, ಅಷ್ಟೇ," ಎಂದರು.

ಅಷ್ಟು ಸಾಕಾಯಿತು. ಜೋಳದ ಸಾಲುಗಳ ನಡುವೆ ಕಳೆ ತೆಗೆಯಲು ಎತ್ತು ಕಟ್ಟಿ ಹೊಡೆಯುವ ಆ ಕುಂಟೆಗಿರುವಂಥದೇ ಒಂಟಿ ಹಿಡಿಯ ರಿಮೋಟ್ ಸೋಮವಾರದೊಳಗೆ ತಯಾರಾಯಿತು. ನೂಕಿದರೆ ಮುಂದೆ, ಒತ್ತಿದರೆ ಕೆಳಗೆ, ಎತ್ತಿದರೆ ಮೇಲೆ. ಜಪಾನಿನವರು ಇದನ್ನು ಕಂಡು ಅತ್ತರೆಂದು ಊರೆಲ್ಲ ಹೇಳಿಕೊಂಡು ಬಂದೆ.

ಸೋಮವಾರ ಪರೀಕ್ಷೆ ಮಾಡಲು ಬಂದ ಇಲಾಖೆಯ ಚೌಡಪ್ಪನವರು ಬದುವಿನ ಮೇಲೆ ನಿಂತರು. ಡ್ರೋನ್ ಒಯ್ಯಲು ಸೊರಬದ ಸಂಘದ ಶ್ರೀಲತಾ ಗೂಡ್ಸ್ ಆಟೋ ಸಮೇತ ಬಂದಿದ್ದಳು. ಮೊದಲ ಸಾಲು ಗೆರೆ ಎಳೆದಂತೆ ಹೋಯಿತು. ಸಾಲಿನ ತುದಿಯಲ್ಲಿ ಕುಂಟೆ ಹೊಡೆಯುವವರು ಏನು ಮಾಡುತ್ತಾರೋ ಸರ್ವಮಂಗಳಮ್ಮ ಅದನ್ನೇ ಮಾಡಿದರು: ಹಿಡಿ ಎತ್ತಿ ತಿರುಗಿಸಿದರು. ಡ್ರೋನ್ ಚಂದ್ರನವರೆಗೆ ಹೋಗಿ, ಬರುವಾಗ ಚೌಡಪ್ಪನವರಿಗೆ ತಲೆಸ್ನಾನ ಮಾಡಿಸಿತು. ಪುಣ್ಯಕ್ಕೆ ಟ್ಯಾಂಕಿನಲ್ಲಿದ್ದುದು ಬರೀ ನೀರು.

ಅವರು ಮುಖ ಒರೆಸಿಕೊಂಡು, ಹಿಡಿ ಎತ್ತಿ ತಿರುಗಿಸಿದರೆ ಡ್ರೋನ್ ಮೇಲೇರದೆ ನಿಂತಲ್ಲೇ ತಿರುಗುವಂತೆ ಮಾಡಲು ನನಗೆ ಅರ್ಧ ಗಂಟೆ ಕೊಟ್ಟರು. ನಾನು ಮುಚ್ಚಳ ಬಿಚ್ಚಿದೆ. ಒಳಗಿನ ವೈರುಗಳನ್ನು ಭಕ್ತಿಯಿಂದ ನೋಡಿದೆ. ಮತ್ತೆ ಮುಚ್ಚಿದೆ.

ಆಟೋಗೆ ಒರಗಿದ್ದ ಶ್ರೀಲತಾ ಹತ್ತಿರ ಬಂದಳು. "ನಾನು ಸರಿ ಮಾಡಿ ಬರಿಗೈಲಿ ವಾಪಸ್ ಹೋಗ್ತೀನಿ. ಆದ್ರೆ ಇದನ್ನ ಮಾಡಿದ್ದು ಯಾರು ಅಂತ ಮೊದ್ಲು ಇವರಿಗೆಲ್ಲ ಹೇಳಿ ಮಂಜಪ್ಪಣ್ಣ."

ಸರ್ವಮಂಗಳಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

"ಇವಳೇ ಮಾಡಿದ್ದು ಕಣ್ರೀ," ಎಂದೆ. "ಸೊರಬದಲ್ಲಿ ಇವಳ ಮೋಟರ್ ವೈಂಡಿಂಗ್ ಅಂಗಡಿಗೆ ಈ ಕೆಲ್ಸ ಕೊಟ್ಟು ಬಂದಿದ್ದೆ. ಯಾರಿಗೆ ಅಂತ ಹೇಳಿರ್ಲಿಲ್ಲ. ನಂದು ಬಣ್ಣ ಮಾತ್ರ."

ಇಪ್ಪತ್ತು ನಿಮಿಷದಲ್ಲಿ ರಿಮೋಟ್ ಸರಿಯಾಯಿತು. ಮಧ್ಯಾಹ್ನದೊಳಗೆ ಎಕರೆ ಮುಗಿಯಿತು. ಡ್ರೋನ್ ತೊಗರ್ಸಿಯಲ್ಲೇ ಉಳಿಯಿತು. ಹೊರಡುವಾಗ ಸರ್ವಮಂಗಳಮ್ಮ ಕನಿಕರದಿಂದ, ಬಣ್ಣವಂತೂ ಬಹಳ ಚೆನ್ನಾಗಿದೆ ಎಂದರು.

"ಅದೂ ನಮ್ಮನೆಯವಳು ಬಳಿದಿದ್ದು," ಎಂದೆ.